ಕೃತ, ಕಾರಿತ, ಅನುಮತ : ಸಾಬೂನು ತಯಾರಿಕೆಯ ಶಿಬಿರವೊಂದರ ವಿಚಾರ

ಶ್ರಾವಕನ ಆಚಾರದಲ್ಲಿ ಚಿಕ್ಕ ಕೆಲಸ, ದೊಡ್ಡ ಕೆಲಸ ಎಂಬ ಭೇದಕ್ಕೆ ಹೆಚ್ಚಿನ ಬೆಲೆಯಿಲ್ಲ. ಯತ್ನಪೂರ್ವಕವಾಗಿ ಮಾಡಿದುದು, ಪ್ರಮಾದದಿಂದ ಮಾಡಿದುದು ಎಂಬ ಭೇದವೇ ಅಲ್ಲಿ ಮುಖ್ಯವಾದುದು. ದೇವಪೂಜೆಯಲ್ಲಿಯೂ ಪ್ರಮಾದ ನುಸುಳಬಹುದು. ಮನೆಯ ಕಸ ಗುಡಿಸುವಲ್ಲಿಯೂ ಯತ್ನಾಚಾರ ನೆಲೆಸಬಹುದು. ಆದುದರಿಂದ ಸ್ನಾನದ ಮನೆಯ ಒಂದು ಬಿಲ್ಲೆ ಸಾಬೂನನ್ನು ವ್ರತವಿಚಾರದ ಪುಟಗಳಲ್ಲಿ ಚರ್ಚೆಗೆ ತರುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ಈಚಿನ ವರ್ಷಗಳಲ್ಲಿ ಮಹಿಳಾ ಮಂಡಲಗಳೂ ಸ್ವಸಹಾಯ ಸಂಘಗಳೂ ಕೆಲವು ಗೃಹಸ್ಥರೂ ವಯಸ್ಕರಿಗಾಗಿ ಸಾಬೂನು ತಯಾರಿಕೆಯ ಒಂದು ದಿನದ ಶಿಬಿರಗಳನ್ನು ಏರ್ಪಡಿಸುತ್ತಿರುವುದು ವಾಚಕರಿಗೆ ತಿಳಿದೇ ಇದೆ. ಇವುಗಳ ಬಗೆಗೆ ನಮ್ಮವರಲ್ಲಿ ಎರಡು ಅಭಿಪ್ರಾಯಗಳಿವೆ. ಪ್ರಾಣಿಯ ಕೊಬ್ಬು ಬೆರೆತಿರಬಹುದಾದ ಸಾಬೂನು ಮನೆಯಿಂದ ಹೊರಗಾಗುವುದಾದರೆ ಅದಕ್ಕಿಂತ ಒಳ್ಳೆಯದೇನಿದೆ ಎನ್ನುವವರು ಕೆಲವರು. ಅಸ್ನಾನವನ್ನು ಮೂಲಗುಣವಾಗಿ ಪಾಲಿಸುವ ಮುನಿಗಳನ್ನು ಆದರ್ಶವಾಗಿ ಇಟ್ಟುಕೊಂಡವರು ಹತ್ತು ಮಂದಿಯನ್ನು ಕೂಡಿಸಿ ಸುಡುವ ಕ್ಷಾರವನ್ನು ಕೈಗೆ ಕೊಡುವುದು ಅನರ್ಥದಂಡವಲ್ಲವೆ ಎನ್ನುವವರು ಇನ್ನು ಕೆಲವರು. ಎರಡನೆಯವರ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮೊದಲನೆಯವರ ಮಾತನ್ನು ಹಾಗೆಯೇ ಒಪ್ಪುವಂತೆಯೂ ಇಲ್ಲ. ಶಿಬಿರವನ್ನು ನಡೆಸುವ ಗೃಹಸ್ಥನ ಹೊಣೆ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಸಾಬೂನೆಂದರೆ ಏನು?

ಎಣ್ಣೆ ಅಥವಾ ಕೊಬ್ಬು ತೀಕ್ಷ್ಣವಾದ ಕ್ಷಾರದೊಡನೆ ಕೂಡಿ ರೂಪಾಂತರ ಹೊಂದಿದಾಗ ಸಾಬೂನು ಹುಟ್ಟುತ್ತದೆ. ಜೊತೆಗೆ ಗ್ಲಿಸರಿನ್ ಬಿಡುಗಡೆಯಾಗುತ್ತದೆ. ಈ ಕ್ರಿಯೆಯ ಮರ್ಮವನ್ನು ಬಿಡಿಸಿ ತೋರಿಸಿದವನು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಷೆವ್ರಲ್. ಕೊಬ್ಬುಗಳ ವಿಚಾರವಾಗಿ ಅವನು ಬರೆದ ಗ್ರಂಥ 1823ರಲ್ಲಿ ಪ್ರಕಟವಾಯಿತು. ಕ್ಷಾರಕ್ಕೆ ಎಣ್ಣೆ ಗಿಡದಿಂದ ಬಂದಿತೋ ಪಶುವಿನ ದೇಹದಿಂದ ಬಂದಿತೋ ಎಂಬ ವಿವೇಚನೆಯಿಲ್ಲ. ಆ ವಿವೇಚನೆ ಮಾಡುವವನದು.

ಪಾಶ್ಚಾತ್ಯ ದೇಶಗಳಲ್ಲಿ ಸಾಬೂನಿಗೆ ದನ ಕುರಿಗಳ ಕೊಬ್ಬು ಬಹುಕಾಲದಿಂದ ಬಳಕೆಯಲ್ಲಿದೆ. ಇಂದಿಗೂ ಹೊದಿಕೆಯ ಮೇಲೆ ‘ಸೋಡಿಯಂ ಟ್ಯಾಲೋವೇಟ್’ ಎಂದಿದ್ದರೆ ಅದು ಪಶುವಿನ ಕೊಬ್ಬಿನಿಂದ ಆದುದೆಂದೇ ಅರ್ಥ. ನಮ್ಮ ದೇಶದಲ್ಲಿ ವನಸ್ಪತಿ ತುಪ್ಪಕ್ಕೆ ದನದ ಕೊಬ್ಬನ್ನು ಬೆರೆಸಿದ ವಿಷಯ 1983ರಲ್ಲಿ ಬಯಲಾದಾಗ ಎಷ್ಟೊಂದು ಕೋಲಾಹಲವಾಯಿತೆಂಬುದು ಹಿರಿಯರ ನೆನಪಿನಲ್ಲಿರಬಹುದು. ನಾಲಗೆಗೆ ತಾಗಿದುದರ ಬಗೆಗೆ ಅಷ್ಟು ಎಚ್ಚರ ವಹಿಸಿದ ನಾವು ಚರ್ಮಕ್ಕೆ ತಾಗುವುದರ ಬಗೆಗೆ ಅಷ್ಟೇ ಎಚ್ಚರ ವಹಿಸಿದ್ದೇವೆಯೆ?

ಕನ್ನಡ ನಾಡಿನ ಮನೆಗಳಿಗೆ ಸಾಬೂನು ಬಂದು ಬಹುಕಾಲವಾಗಿಲ್ಲ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, ಶ್ರೀಗಂಧದೆಣ್ಣೆಯ ತಯಾರಿಕೆಯೂ ಅದರ ಬೆನ್ನಿಗೆ ಗಂಧದ ಸಾಬೂನಿನ ತಯಾರಿಕೆಯೂ ಮೊದಲಾದುವು. ಅದಕ್ಕೆ ಮುಂಚೆ ನಮ್ಮ ಅಜ್ಜಿಯರಿಗೆ ಅಂಟವಾಳ, ಸೀಗೆ, ಕಡಲೆಹಿಟ್ಟು ಸಾಕಾಗಿದ್ದುವು. ಮಡಿವಾಳರಿಗೆ ಚೌಳುಮಣ್ಣು ಒದಗುತ್ತಿತ್ತು. ಆ ಕಾಲದ ಪದಾರ್ಥಗಳೆಲ್ಲ ನಿರ್ದೋಷವಾದುವೆಂದು ಇದರಿಂದ ಎಣಿಸಬಾರದು. ಅಂಟವಾಳದ ನೊರೆ ಮೀನುಗಳಿಗೆ ವಿಷ. ಅದನ್ನು ಕೆರೆಗೆ ಚೆಲ್ಲಿದವನು ಕೊಬ್ಬಿನ ಸಾಬೂನನ್ನು ಬಿಟ್ಟಿದ್ದೇನೆಂಬ ಸಮಾಧಾನದಲ್ಲಿಯೇ ಜಲಚರಗಳಿಗೆ ಕೇಡು ಮಾಡಿರುತ್ತಾನೆ. ಪದಾರ್ಥವು ಶುದ್ಧವಾದ ಮಾತ್ರಕ್ಕೆ ಕ್ರಿಯೆಯು ಶುದ್ಧವಾಗಲಾರದು.

ಆಕ್ಷೇಪದ ಬಲ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ : ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಆರಂಭ ವಾಣಿಜ್ಯಾದಿಗಳಿಗೆ ಪ್ರೇರಿಸುವ ಉಪದೇಶ ಪಾಪೋಪದೇಶದಲ್ಲಿ ಸೇರುತ್ತದೆ. ಆಯುಧ, ಅಗ್ನಿ, ವಿಷ ಮೊದಲಾದ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದು ಹಿಂಸಾದಾನವೆನಿಸುತ್ತದೆ. ಸಾಬೂನಿನ ಶಿಬಿರದಲ್ಲಿ ಈ ಎರಡೂ ಇವೆ. ಹೇಳಿಕೊಡುವುದು ಒಂದು ಆರಂಭವನ್ನು. ಕೈಗೆ ಕೊಡುವುದು ಕಾಸ್ಟಿಕ್ ಸೋಡವನ್ನು. ಮೈಗೆ ತಾಗಿದರೆ ಚರ್ಮವನ್ನು ಸುಟ್ಟು, ಕಣ್ಣಿಗೆ ಸಿಡಿದರೆ ದೃಷ್ಟಿಯನ್ನೇ ಕಳೆಯಬಲ್ಲ ವಸ್ತುವದು.

ಇದಕ್ಕೆ ಉತ್ತರ ‘ಅನರ್ಥ’ವೆಂಬ ಮಾತಿನಲ್ಲಿಯೇ ಇದೆ. ಪ್ರಯೋಜನವಿಲ್ಲದ ದಂಡವೇ ಅನರ್ಥದಂಡ. ಅಡುಗೆಗೆ ಬೆಂಕಿ ಬೇಕು. ಅಕ್ಕಪಕ್ಕದ ಮನೆಗೆ ಕೆಂಡ ಕೊಟ್ಟ ಗೃಹಿಣಿಯನ್ನು ಯಾರೂ ಹಿಂಸಾದಾನ ಮಾಡಿದಳೆನ್ನುವುದಿಲ್ಲ. ಮನೆಯ ಅವಶ್ಯಕತೆಯೊಂದನ್ನು ಕಡಿಮೆ ಹಿಂಸೆಯಿಂದ ಪೂರೈಸುವ ಬಗೆಯನ್ನು ಕಲಿಸುವುದರಲ್ಲಿ ಅರ್ಥವುಂಟು. ರಜೆಯ ದಿನದ ಬೇಸರ ಕಳೆಯಲು, ಬಣ್ಣ ಬಣ್ಣದ ಅಚ್ಚುಗಳಲ್ಲಿ ಹತ್ತಾರು ಪರಿಮಳಗಳನ್ನು ಬೆರೆಸಿ ಬೀಗಲು ನಡೆಸಿದ ಶಿಬಿರಕ್ಕೆ ಆ ಅರ್ಥವಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅದೇ ಎಣ್ಣೆ, ಅದೇ ಕ್ಷಾರ, ಅದೇ ಹತ್ತು ಮಂದಿ. ಭೇದವಿರುವುದು ಭಾವದಲ್ಲಿ. ಆದರೆ ಭಾವದ ಮಾತನ್ನು ಬಾಯಿಗೆ ಬಂದಂತೆ ಹೇಳಿ ತಪ್ಪಿಸಿಕೊಳ್ಳಲಾಗದು. ಅದನ್ನು ಪರೀಕ್ಷಿಸುವ ಕ್ರಮವನ್ನೂ ಶಾಸ್ತ್ರವೇ ಹೇಳಿದೆ.

ಸಂರಂಭ, ಸಮಾರಂಭ, ಆರಂಭ ಎಂದು ಕ್ರಿಯೆಗೆ ಮೂರು ಘಟ್ಟಗಳು. ಮನ, ವಚನ, ಕಾಯಗಳೆಂದು ಮೂರು ಯೋಗಗಳು. ಕೃತ, ಕಾರಿತ, ಅನುಮತವೆಂದು ಮೂರು ಬಗೆ. ಕ್ರೋಧ, ಮಾನ, ಮಾಯೆ, ಲೋಭಗಳೆಂದು ನಾಲ್ಕು ಕಷಾಯಗಳು. ಇವುಗಳನ್ನು ಗುಣಿಸಿದರೆ 108 ಬಗೆಗಳಾಗುವುವೆಂದು ತತ್ತ್ವಾರ್ಥಸೂತ್ರದ ವ್ಯಾಖ್ಯಾನಗಳನ್ನು ಓದಿದವರೆಲ್ಲರೂ ಬಲ್ಲರು. ಅಂಗಡಿಯಲ್ಲಿ ಸಾಬೂನನ್ನು ಕೊಳ್ಳುವವನು ಬಹುಮಟ್ಟಿಗೆ ಅನುಮತದಲ್ಲಿ ನಿಲ್ಲುತ್ತಾನೆ. ತಾನೇ ಮಾಡುವವನು ಕೃತಕ್ಕೆ ಬರುತ್ತಾನೆ. ಇತರರನ್ನು ಕೂಡಿಸಿ ಮಾಡಿಸುವವನು ಕಾರಿತವನ್ನೂ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಹಾಗಾದರೆ ಕೊಳ್ಳುವವನೇ ಎಲ್ಲರಿಗಿಂತ ಹಗುರನೆ? ಹಾಗೆ ಹೇಳಲಾಗದು. ಕೊಳ್ಳುವವನ ಅನುಮತಕ್ಕೆ ಕಣ್ಣಿಲ್ಲ. ತಾನು ಯಾವುದಕ್ಕೆ ಒಪ್ಪಿಗೆ ಕೊಡುತ್ತಿದ್ದೇನೆಂಬುದು ಅವನಿಗೆ ತಿಳಿಯದು, ತಿಳಿಯುವ ಗೋಜಿಗೂ ಅವನು ಹೋಗನು. ಪ್ರಮಾದವೇ ಹಿಂಸೆಯ ಬೇರೆಂದ ಮೇಲೆ ಅರಿಯದೆ ಒಪ್ಪಿದವನಿಗಿಂತ ಅರಿತು, ಅಳೆದು, ಅಂಜಿ ಮಾಡಿದವನು ಮೇಲು. ಆದರೆ ಆ ಮೂರನ್ನೂ ಅವನು ನಿಜವಾಗಿ ಮಾಡಿರಬೇಕು.

ಸಂರಂಭ : ನಿಶ್ಚಯಿಸುವಾಗ

ಶಿಬಿರ ಮಾಡಬೇಕೆಂದು ಮನಸ್ಸು ಮಾಡುವುದೇ ಸಂರಂಭ. ಏತಕ್ಕಾಗಿ ಎಂದು ಗೃಹಸ್ಥನು ತನ್ನನ್ನು ತಾನು ಕೇಳಿಕೊಳ್ಳಬೇಕಾದುದು ಇಲ್ಲಿಯೇ. ನಾಲ್ಕು ಜನ ಹೊಗಳಲೆಂದಾದರೆ ಅದು ಮಾನಕಷಾಯ. ಮುಂದೆ ಮಾರಿ ಹಣ ಮಾಡಬಹುದೆಂದಾದರೆ ಲೋಭ.

ದಿನದ ಆಯ್ಕೆಯೂ ಅಷ್ಟೇ ಮುಖ್ಯ. ಉಪವಾಸದ ದಿನ ಪಂಚಪಾಪಗಳೊಡನೆ ಆರಂಭವನ್ನೂ ಗಂಧಪುಷ್ಪಾದಿಗಳನ್ನೂ ಸ್ನಾನವನ್ನೂ ಬಿಡಬೇಕೆಂದು ಶ್ರಾವಕಾಚಾರದ ಆದೇಶವಿದೆ. ಅಷ್ಟಮಿ ಚತುರ್ದಶಿಗಳಂದು, ದಶಲಕ್ಷಣ ಪರ್ವದಲ್ಲಿ, ಸಾಬೂನಿನ ಶಿಬಿರವನ್ನಿಟ್ಟುಕೊಂಡರೆ ಪ್ರೋಷಧವ್ರತವುಳ್ಳವರನ್ನು ಧರ್ಮಸಂಕಟಕ್ಕೆ ಗುರಿಮಾಡಿದಂತಾಗುತ್ತದೆ. ರಜೆಯಿದೆ, ಎಲ್ಲರಿಗೂ ಬಿಡುವಿದೆ ಎಂಬುದು ಸಮರ್ಪಕವಾದ ಕಾರಣವಲ್ಲ.

ಜನರ ಸಂಖ್ಯೆಯನ್ನೂ ಇಲ್ಲಿಯೇ ಗೊತ್ತುಮಾಡಬೇಕು. ಒಬ್ಬರ ಕಣ್ಣು ಒಮ್ಮೆಗೆ ಎಷ್ಟು ಕೈಗಳನ್ನು ಕಾಯಬಲ್ಲುದೋ ಅಷ್ಟೇ ಜನ. ಎಂಟು ಹತ್ತಕ್ಕೆ ಮೀರದಿರುವುದು ಲೇಸು. ಮಕ್ಕಳಿಗೆ ಪ್ರವೇಶವಿರಕೂಡದು. ತಾಯಿಯ ಸೆರಗು ಹಿಡಿದು ಬಂದ ಮಗುವಿಗೆ ಬೇರೊಂದು ಕೋಣೆಯೂ ನೋಡಿಕೊಳ್ಳುವವರೂ ಇರಬೇಕು.

ಸಮಾರಂಭ : ಸಾಮಗ್ರಿ ಕೂಡಿಸುವಾಗ

ಉಪಕರಣಗಳನ್ನು ಒದಗಿಸಿಕೊಳ್ಳುವುದು ಸಮಾರಂಭ. ಸಮಾರಂಭವೆಂದೊಡನೆ ನಮ್ಮ ಮನಸ್ಸಿಗೆ ಚಪ್ಪರ ತೋರಣಗಳು ಬರುತ್ತವೆ. ಶಾಸ್ತ್ರದ ಅರ್ಥ ಅದಲ್ಲವೆಂದು ನೆನಪಿಡಬೇಕು. ಇಲ್ಲಿ ಮೂರು ಬಗೆಯ ಎಚ್ಚರಗಳು ಬೇಕು.

ಮೊದಲನೆಯದು ಬೆರಕೆಯ ವಸ್ತುಗಳದು. ಕೊಬ್ಬನ್ನು ಬಿಟ್ಟೆವೆಂದು ಹಿಗ್ಗುವಷ್ಟರಲ್ಲಿ ಜೇನು ಬರುತ್ತದೆ. ಕೈಸಾಬೂನಿನ ವಿಧಾನಗಳಲ್ಲಿ ಜೇನುತುಪ್ಪ, ಜೇನುಮೇಣ, ರೇಷ್ಮೆಯ ಎಳೆ, ಉಣ್ಣೆಯಿಂದ ತೆಗೆದ ಲ್ಯಾನೋಲಿನ್ ಇವನ್ನು ಬೆರೆಸುವ ರೂಢಿಯುಂಟು. ಮಧುತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಸೇರಿದುದು. ಹುಳುವನ್ನು ಕುದಿಸಿ ತೆಗೆದ ರೇಷ್ಮೆಯ ವಿಷಯವನ್ನು ಹೇಳಬೇಕಾಗಿಯೇ ಇಲ್ಲ. ಕಲಿಸಲು ಬರುವವರು ಹೊರಗಿನವರಾದರೆ ಅವರಿಗೆ ಇದನ್ನು ಮುಂಚಿತವಾಗಿಯೇ ವಿನಯದಿಂದ ತಿಳಿಸಬೇಕು. ತಾಳೆಯೆಣ್ಣೆ ಸಸ್ಯಜನ್ಯವೇ ಹೌದು. ಆದರೆ ಇಂಡೋನೇಷ್ಯ ಮಲೇಷ್ಯಗಳಲ್ಲಿ ಅದರ ತೋಟಗಳಿಗಾಗಿ ಕಾಡುಗಳು ವಿಸ್ತಾರವಾಗಿ ನಾಶವಾಗಿ, ಒರಾಂಗುಟಾನ್ ಮೊದಲಾದ ಪಂಚೇಂದ್ರಿಯ ಜೀವಿಗಳು ನೆಲೆ ಕಳೆದುಕೊಂಡಿವೆ. ನಮ್ಮ ಗಾಣದ ಕೊಬ್ಬರಿಯೆಣ್ಣೆ, ಕಡಲೆಕಾಯಿ ಎಣ್ಣೆ, ಹರಳೆಣ್ಣೆಗಳು ಇರುವಾಗ ಅಷ್ಟು ದೂರ ಹೋಗಬೇಕಾದುದಿಲ್ಲ.

ಎರಡನೆಯದು ಸುಲಭಮಾರ್ಗದ ವಿಚಾರ. ಮೊದಲೇ ತಯಾರಾದ ಸಾಬೂನಿನ ಗಟ್ಟಿಯನ್ನು ಕೊಂಡು ತಂದು, ಕರಗಿಸಿ, ಅಚ್ಚಿಗೆ ಹೊಯ್ಯುವ ಕ್ರಮವೊಂದಿದೆ. ಅದರಲ್ಲಿ ಕ್ಷಾರವನ್ನು ಮುಟ್ಟುವ ಅಪಾಯವಿಲ್ಲ. ನಡುಗುವ ಕೈಯ ವೃದ್ಧರಿಗೆ ಅದೇ ಯೋಗ್ಯವೆನ್ನಬಹುದು. ಆದರೆ ಆ ಗಟ್ಟಿಯಲ್ಲಿರುವ ಸ್ಟಿಯರಿಕ್ ಆಮ್ಲ, ಗ್ಲಿಸರಿನ್‌ಗಳು ಗಿಡದಿಂದಲೂ ಬಂದಿರಬಹುದು, ಪಶುವಿನಿಂದಲೂ ಬಂದಿರಬಹುದು. ಮಾರಿದವರಿಂದ ಬರೆಹದ ಖಾತ್ರಿಯಿಲ್ಲದೆ ಅದನ್ನು ತಂದರೆ ಅಂಗಡಿಯ ಸಾಬೂನನ್ನೇ ಬೇರೆ ಅಚ್ಚಿನಲ್ಲಿ ಎರಕ ಹೊಯ್ದಂತಾಯಿತು. ಅಜ್ಞಾನ ಅಷ್ಟೇ ಉಳಿಯಿತು. ಅಹಂಕಾರ ಮಾತ್ರ ಹೆಚ್ಚಿತು.

ಮೂರನೆಯದು ತೂಕ. 1 ಕಿಲೋ ಕೊಬ್ಬರಿಯೆಣ್ಣೆ ಪೂರ್ತಿಯಾಗಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡ ಬೇಕು. 1 ಕಿಲೋ ಕಡಲೆಕಾಯಿ ಎಣ್ಣೆಗೆ ಸುಮಾರು 136 ಗ್ರಾಂ ಸಾಕು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದರೆ 47 ಗ್ರಾಂ ಕ್ಷಾರ ಹಾಗೆಯೇ ಮಿಕ್ಕು, ಮೊದಲ ದಿನವೇ ಮೈ ಉರಿಯುತ್ತದೆ. ಆದುದರಿಂದಲೇ ತಿಳಿದವರು ಪ್ರತಿಯೊಂದು ಎಣ್ಣೆಗೂ ಬೇರೆ ಬೇರೆ ಲೆಕ್ಕ ಹಾಕಿ, ಬಂದ ಮೊತ್ತದಲ್ಲಿ ನೂರಕ್ಕೆ 5ರಷ್ಟನ್ನು ಕಡಿಮೆ ಮಾಡಿ, ಕೊಂಚ ಎಣ್ಣೆ ಉಳಿಯುವಂತೆ ನೋಡಿಕೊಳ್ಳುತ್ತಾರೆ. ಲೋಟದ ಅಳತೆ ಇಲ್ಲಿ ಸಲ್ಲದು. ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಪಾತ್ರೆ ಉಕ್ಕಿನದಿರಲಿ. ಅಲ್ಯುಮಿನಿಯಂ ಪಾತ್ರೆಯನ್ನು ಕ್ಷಾರವು ತಿಂದು ಉರಿಯುವ ಅನಿಲವನ್ನು ಹೊರಡಿಸುತ್ತದೆ. ನೀರನ್ನು ದಪ್ಪ ಬಟ್ಟೆಯಿಂದ ಗಾಳಿಸಿ, ಬಟ್ಟೆಯಲ್ಲುಳಿದ ಜೀವಗಳನ್ನು ನೀರು ತಂದ ಸ್ಥಳಕ್ಕೇ ಬಿಡಬೇಕೆಂಬುದನ್ನು ನಮ್ಮವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಕುಡಿಯುವ ನೀರಿಗೆ ತೋರುವ ಆ ಎಚ್ಚರವನ್ನು ಕ್ಷಾರ ಕದಡುವ ನೀರಿಗೂ ತೋರಬೇಕು. ಅಲ್ಲಿ ಬಿದ್ದ ಜೀವಕ್ಕೆ ಪಾರಾಗುವ ದಾರಿಯೇ ಇಲ್ಲ.

ಆರಂಭ : ಮಾಡುವಾಗ

ಕೆಲಸವೆಲ್ಲವೂ ಹಗಲಿನಲ್ಲಿ ಮುಗಿಯಬೇಕು. ಸಂಜೆಯ ದೀಪಕ್ಕೆ ಮುತ್ತುವ ಹುಳುಗಳಿಗೆ ತೆರೆದ ಎಣ್ಣೆಯ ಪಾತ್ರೆಯೇ ಮೃತ್ಯುಮುಖವಾಗುತ್ತದೆ. ರಾತ್ರಿಭೋಜನ ತ್ಯಾಗದ ಹಿಂದಿರುವ ಕರುಣೆಯನ್ನು ಊಟದ ಎಲೆಗಷ್ಟೇ ಮೀಸಲಿಟ್ಟವನು ವ್ರತದ ಅಕ್ಷರವನ್ನು ಮಾತ್ರ ಪಾಲಿಸಿದವನು.

ಕ್ಷಾರವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು; ಕ್ಷಾರದ ಮೇಲೆ ನೀರನ್ನು ಎಂದಿಗೂ ಸುರಿಯಕೂಡದು, ಕುದಿದು ಸಿಡಿಯುತ್ತದೆ. ಬೆಂಕಿಯಿಲ್ಲದೆಯೇ ಆ ನೀರು 80 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಬಹುದು; ಅದರ ಹಬೆ ಗಂಟಲನ್ನು ಕೆರಳಿಸುತ್ತದೆ. ಕಿಟಕಿಗಳು ತೆರೆದಿರಬೇಕು, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಗವಸು, ತುಂಬುತೋಳಿನ ಉಡುಪು ಎಲ್ಲರಿಗೂ ಇರಬೇಕು. ಸಿಡಿದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ತೊಳೆದು, ಕಣ್ಣಿಗಾಗಿದ್ದರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಹುಳಿರಸವನ್ನು ಹಚ್ಚುವುದು ತಪ್ಪು. ಹತ್ತು ಮಂದಿಗೆ ಹತ್ತು ಪಾತ್ರೆಗಳೇಕೆ? ಒಂದೇ ಪಾತ್ರೆಯಲ್ಲಿ 1 ಕಿಲೋ ಎಣ್ಣೆಯನ್ನಿಟ್ಟು, ಕ್ಷಾರವನ್ನು ಬಲ್ಲವರೊಬ್ಬರೇ ಕದಡಿ, ಗವಸು ತೊಟ್ಟ ಉಳಿದವರು ಸರದಿಯಿಂದ ತಿರುವಿದರೆ ಕಲಿಕೆಗೆ ಏನೂ ಕೊರತೆಯಾಗದು. ಅದರಿಂದ 100 ಗ್ರಾಂ ತೂಕದ ಹನ್ನೆರಡರಷ್ಟು ಬಿಲ್ಲೆಗಳಾಗುತ್ತವೆ. ತಲೆಗೊಂದರಂತೆ ಹಂಚಿದರೂ ಮಿಗುತ್ತದೆ.

ಇನ್ನು ಪಾತ್ರೆ ತೊಳೆಯುವ ವಿಚಾರ. ಎಲ್ಲರೂ ಎಚ್ಚರ ತಪ್ಪುವುದು ಇಲ್ಲಿಯೇ. ಹಸಿಯ ಪಾಕವನ್ನೂ ಮಿಕ್ಕ ಕ್ಷಾರದ ನೀರನ್ನೂ ಬಚ್ಚಲಿಗೆ ಚೆಲ್ಲಿದರೆ ಮೋರಿಯ ಹುಳು, ಇರುವೆ, ಮಣ್ಣಿನ ಎರೆಹುಳು ಇವೆಲ್ಲ ಒಮ್ಮೆಗೇ ಸುಟ್ಟುಹೋಗುತ್ತವೆ. ಒಂದು ಪಶುವಿನ ಕೊಬ್ಬನ್ನು ಬಿಡಲೆಂದು ಕೂಡಿದವರು ಎಣಿಕೆಗೆ ಸಿಕ್ಕದಷ್ಟು ತ್ರಸಜೀವಿಗಳನ್ನು ಕೊಂದು ಮನೆಗೆ ಹೋದಂತಾಗುತ್ತದೆ. ಯಾರಿಗೂ ಅದರ ಅರಿವೂ ಇರುವುದಿಲ್ಲ. ಪರಿಹಾರವೇನೂ ಕಷ್ಟವಲ್ಲ. ಪಾಕ ಮೆತ್ತಿದ ಪಾತ್ರೆಗಳನ್ನು ಹಾಗೆಯೇ ಮುಚ್ಚಿ ಒಂದು ದಿನ ಇಟ್ಟರೆ ಅಂಟಿದ್ದುದೂ ಸಾಬೂನಾಗಿ ತನ್ನ ಉಗ್ರತೆಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಅದನ್ನು ಕೆರೆದು, ಒರೆಸಿ, ಅನಂತರ ತೊಳೆಯಬೇಕು. ಅತಿಥಿಗಳು ಹೊರಟ ಮರುದಿನವೂ ಗೃಹಸ್ಥನಿಗೆ ಕೆಲಸ ಉಳಿದಿರುತ್ತದೆಂಬುದು ಇದರಿಂದ ಸ್ಪಷ್ಟ.

ಹೊಣೆ ಮುಗಿಯುವುದೆಲ್ಲಿ?

ಹೀಗೆ ಮಾಡಿದ ಸಾಬೂನು ಅಂದೇ ಬಳಕೆಗೆ ಬಾರದು. ಒಂದೆರಡು ದಿನಗಳಲ್ಲಿ ಅಚ್ಚಿನಿಂದ ಬಿಡಿಸಿ, ಕತ್ತರಿಸಿ, ಗಾಳಿಯಾಡುವ ಕಡೆ ನಾಲ್ಕರಿಂದ ಆರು ವಾರ ಇಡಬೇಕು. ಅದನ್ನು ಅಂದೇ ಕೈಯಲ್ಲಿಟ್ಟು ಕಳುಹಿಸಿ, ಕೊಂಡುಹೋದವರು ಮರುದಿನವೇ ಮಗುವಿನ ಮೈಗೆ ಹಚ್ಚಿದರೆ, ಆ ಉರಿಗೆ ಹೊಣೆ ಯಾರು? ಕಾರಿತದ ಭಾರ ಅತಿಥಿಯೊಡನೆ ಬಾಗಿಲು ದಾಟಿ ಹೋಗುವುದಿಲ್ಲ. ಬಿಲ್ಲೆಗಳನ್ನು ತನ್ನಲ್ಲಿಯೇ ಇಟ್ಟುಕೊಂಡು, ಆರು ವಾರಗಳ ಮೇಲೆ ತಾನೇ ಮೊದಲು ಬಳಸಿ ನೋಡಿ, ಅನಂತರ ಹಂಚುವ ಗೃಹಸ್ಥನು ಶಿಬಿರವನ್ನು ಸರಿಯಾಗಿ ಮುಗಿಸಿದವನು.

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸೆಯ ಕರ್ತೃಗಳ ಸಂಖ್ಯೆಗೂ ಅದರ ಫಲಭಾಗಿಗಳ ಸಂಖ್ಯೆಗೂ ಹೊಂದಿಕೆ ಇರಲೇಬೇಕೆಂದಿಲ್ಲ ಎಂಬ ಸೂಕ್ಷ್ಮವನ್ನು ವಿವೇಚಿಸಿದ್ದಾರೆ. ಹಲವರು ಕೂಡಿ ಮಾಡುವ ಕೆಲಸದಲ್ಲಿ ಈ ಮಾತು ಹೃದಯಕ್ಕೆ ನಾಟಬೇಕು. ಹತ್ತು ಮಂದಿ ಮಾಡಿದರೆ ಪಾಪ ಹತ್ತು ಪಾಲಾಗಿ ಹಂಚಿಹೋಗುವುದೆಂಬ ಲೆಕ್ಕ ಲೌಕಿಕದ್ದು. ಅರಿತವನೊಬ್ಬನು ಅರಿಯದ ಹತ್ತು ಮಂದಿಯ ಕೈಯಿಂದ ಪ್ರಮಾದ ಮಾಡಿಸಿದರೆ ಭಾರವೆಲ್ಲ ಅವನೊಬ್ಬನದೇ ಆಗಬಹುದು. ಅವನು ಎಚ್ಚರವನ್ನು ಕಲಿಸಿದ್ದರೆ ಅವರ ಮನೆಮನೆಗಳಲ್ಲಿ ಉಳಿದ ಜೀವಗಳ ಪುಣ್ಯದಲ್ಲಿಯೂ ಅವನಿಗೆ ಪಾಲುಂಟು.

ಕಲಿತವರಲ್ಲಿ ಕೆಲವರು ಮಾರಾಟಕ್ಕೆ ಇಳಿಯಬಹುದು. ಆಗ ಆರಂಭದ ಹಿಂಸೆಯು ಉದ್ಯೋಗದ ಹಿಂಸೆಯಾಗುತ್ತದೆ. ಅದು ಗೃಹಸ್ಥನಿಗೆ ನಿಷಿದ್ಧವಲ್ಲ, ಮಿತಿಯುಳ್ಳದ್ದು. ಸ್ನಾನದ ಸಾಬೂನನ್ನು ಮಾರಾಟಕ್ಕೆಂದು ತಯಾರಿಸಲು 1940ರ ಔಷಧ ಮತ್ತು ಪ್ರಸಾಧನ ವಸ್ತುಗಳ ಅಧಿನಿಯಮದ ಮೇರೆಗೆ ಪರವಾನಗಿ ಬೇಕು. ವಿರುದ್ಧರಾಜ್ಯಾತಿಕ್ರಮ, ತೂಕದಲ್ಲಿ ಹೆಚ್ಚುಕಡಿಮೆ, ಬೆರಕೆಯ ವ್ಯವಹಾರ ಇವು ಮೂರೂ ಅಚೌರ್ಯಾಣುವ್ರತದ ಅತಿಚಾರಗಳೆಂಬುದನ್ನು ಶಿಬಿರದ ದಿನವೇ ಹೇಳಿಬಿಡುವುದು ಒಳಿತು.

ಶೌಚದ ಅಳತೆ

ಕೊನೆಯದಾಗಿ ಒಂದು ಮಾತು. ದಶಧರ್ಮಗಳಲ್ಲಿ ಉತ್ತಮ ಶೌಚವೆಂದರೆ ಮೈ ತೊಳೆಯುವುದಲ್ಲ, ಲೋಭವನ್ನು ತೊಳೆಯುವುದು. ಅಶುಚಿತ್ವದ ಅನುಪ್ರೇಕ್ಷೆಯನ್ನು ಮಾಡುವವನಿಗೆ ಈ ದೇಹದ ಸ್ವಭಾವ ಗೊತ್ತು; ಯಾವ ಸಾಬೂನೂ ಅದನ್ನು ಬದಲಿಸಲಾರದು. ನಾವು ಮುನಿಗಳಲ್ಲ, ಗೃಹಸ್ಥರು, ಸ್ನಾನ ಬಿಡುವವರಲ್ಲ. ಆದರೆ ಎಷ್ಟು ಬೇಕೆಂದು ಎಣಿಸುವವರಾಗಬಲ್ಲೆವು. ಭೋಗೋಪಭೋಗ ಪರಿಮಾಣವ್ರತವಿರುವುದು ಅದಕ್ಕಾಗಿಯೇ.

ಆದುದರಿಂದ ಶಿಬಿರವು ಯೋಗ್ಯವೋ ಅಯೋಗ್ಯವೋ ಎಂದು ಅಂದಿನ ಸಂಜೆಯೇ ನಿರ್ಣಯಿಸಲಾಗದು. ಆರು ತಿಂಗಳ ಮೇಲೆ ಬಂದವರ ಮನೆಗಳಲ್ಲಿ ನೋಡಬೇಕು. ಮೊದಲು ಮೂರು ಬಗೆಯ ಸಾಬೂನಿದ್ದಲ್ಲಿ ಒಂದು ಇದ್ದು, ಅದರ ಹುಟ್ಟು ಮನೆಯವರಿಗೆಲ್ಲ ತಿಳಿದಿದ್ದು, ಬಚ್ಚಲಿಗೆ ಏನನ್ನಾದರೂ ಚೆಲ್ಲುವ ಮುಂಚೆ ಕೈ ಒಂದು ಕ್ಷಣ ತಡೆಯುವಂತಾಗಿದ್ದರೆ ಆ ಆರಂಭಕ್ಕೆ ಅರ್ಥವಿತ್ತು. ಮೂರಿದ್ದಲ್ಲಿ ಹತ್ತಾಗಿದ್ದರೆ, ಎಣ್ಣೆ ಎಷ್ಟೇ ಶುದ್ಧವಾಗಿರಲಿ, ಅದು ಅನರ್ಥದಂಡವೇ. ಎಚ್ಚರವಹಿಸಿ ಮಾಡಿದಲ್ಲಿಯೂ ಏಕೇಂದ್ರಿಯಾದಿ ಜೀವಗಳಿಗೆ ಬಾಧೆ ತಪ್ಪದು. ಅದಕ್ಕಾಗಿ ಅಂದಿನ ರಾತ್ರಿ ಮಲಗುವ ಮುಂಚೆ ಆಲೋಚನೆ ಪ್ರತಿಕ್ರಮಣಗಳಿವೆ. ಶಿಬಿರವನ್ನು ನಡೆಸುವ ಶ್ರಾವಕ ಶ್ರಾವಿಕೆಯರು ಸಾಮಗ್ರಿಗಳ ಪಟ್ಟಿಯಲ್ಲಿ ತಕ್ಕಡಿ ಗವಸುಗಳ ಜೊತೆಗೆ ಇದನ್ನೂ ಬರೆದುಕೊಳ್ಳಲಿ.